ಮೇಣದ ಉರುಳೆಯಲ್ಲಿ ಪಾಠ ಹಿಡಿದಿಟ್ಟ ಬೇಲಾ ಬಾರ್ಟೋಕ್

ಸಂಗೀತ ಪಾಠದ ಚಾಪೆಯ ಮೇಲೆ ಶ್ರುತಿಪೆಟ್ಟಿಗೆಯ ಪಕ್ಕದಲ್ಲಿ ಈಗ ಮೊಬೈಲ್ ಫೋನಿಗೂ ಒಂದು ಜಾಗವಿದೆ. ಗುರುಗಳು ಹೇಳಿಕೊಟ್ಟದ್ದನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಶಿಷ್ಯ ಮನೆಯಲ್ಲಿ ಅದನ್ನು ಮತ್ತೆ ಮತ್ತೆ ಕೇಳಿ ಸಾಧನೆ ಮಾಡುತ್ತಾನೆ. ಹಿಂದಿನ ತಲೆಮಾರಿನಲ್ಲಿ ಅದೇ ಜಾಗದಲ್ಲಿ ಕ್ಯಾಸೆಟ್ ಟೇಪ್‌ರೆಕಾರ್ಡರ್ ಇರುತ್ತಿತ್ತು. ಅದಕ್ಕೂ ಬಹಳ ಹಿಂದೆ, ಧ್ವನಿಮುದ್ರಣವಿನ್ನೂ ಬಾಲ್ಯಾವಸ್ಥೆಯಲ್ಲಿದ್ದಾಗ, ಯಂತ್ರವೊಂದನ್ನು ಹೊತ್ತು ಊರೂರು ತಿರುಗಿ ಪಾಠ ಕಲಿತ ಮಹಾನ್ ಸಂಗೀತಗಾರರೊಬ್ಬರಿದ್ದರು. ಅವರೇ ಹಂಗೇರಿಯ ಬೇಲಾ ಬಾರ್ಟೋಕ್.

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತದ ಅಗ್ರಗಣ್ಯ ವಾಗ್ಗೇಯಕಾರರಲ್ಲಿ ಅವರ ಹೆಸರು ಸೇರಿದೆ. ಆದರೆ ಅವರು ಗುರುಗಳೆಂದು ಬಗೆದದ್ದು ಸಭೆಗಳಲ್ಲಿ ಶಾಲು ಹೊದ್ದವರನ್ನಲ್ಲ. ಹೊಲದಲ್ಲಿ ದುಡಿಯುವ ರೈತರು, ಕುರಿ ಕಾಯುವವರು, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜಿಯಂದಿರು ಅವರಿಗೆ ಪಾಠ ಹೇಳಿದರು. ಆ ಪಾಠವನ್ನು ಯಂತ್ರ ಕೆಲವೇ ನಿಮಿಷಗಳಲ್ಲಿ ಹಿಡಿದುಕೊಂಡಿತು. ಬಾರ್ಟೋಕ್ ಅವರಿಗೆ ಅದನ್ನು ಅರಗಿಸಿಕೊಳ್ಳಲು ಒಂದು ಜೀವಮಾನವೇ ಬೇಕಾಯಿತು.

ತಾಯಿಯೇ ಮೊದಲ ಗುರು

ಬಾರ್ಟೋಕ್ ಜನಿಸಿದ್ದು 1881ರ ಮಾರ್ಚ್ 25ರಂದು, ನಜ್‌ಸೆಂಟ್‌ಮಿಕ್ಲೋಷ್ ಎಂಬ ಪುಟ್ಟ ಪಟ್ಟಣದಲ್ಲಿ. ಅಂದು ಹಂಗೇರಿ ರಾಜ್ಯಕ್ಕೆ ಸೇರಿದ್ದ ಆ ಊರು ಇಂದು ರುಮೇನಿಯಾದಲ್ಲಿದೆ. ತಂದೆ ಕೃಷಿ ಶಾಲೆಯೊಂದರ ಮುಖ್ಯಸ್ಥರು, ಸಂಗೀತದ ಗೀಳಿದ್ದವರು. ತಾಯಿ ಪೌಲಾ ಶಿಕ್ಷಕಿ. ಮಗನಿಗೆ ಐದು ವರ್ಷ ತುಂಬಿದಾಗ ಪಿಯಾನೋದ ಮೊದಲ ಪಾಠ ಹೇಳಿದವರು ಆಕೆಯೇ.

1888ರಲ್ಲಿ ತಂದೆ ತೀರಿಕೊಂಡರು. ಬಾಲಕನಿಗೆ ಆಗ ಏಳು ವರ್ಷ. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ತಾಯಿ ಶಿಕ್ಷಕಿಯ ಕೆಲಸ ಸಿಕ್ಕ ಕಡೆಗೆಲ್ಲ ಸಂಸಾರವನ್ನು ಸಾಗಿಸಿದರು. ಅವರು ವಾಸವಿದ್ದ ಊರುಗಳ ಪೈಕಿ ಒಂದು ಇಂದು ಉಕ್ರೇನಿನಲ್ಲಿದೆ, ಇನ್ನೊಂದು ಸ್ಲೋವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ. ಹಲವು ಭಾಷೆಗಳು ಒಂದೇ ಬೀದಿಯಲ್ಲಿ ಕಿವಿಗೆ ಬೀಳುತ್ತಿದ್ದ ನಾಡು ಅದು. ಮುಂದೆ ಅವರ ಬದುಕು ಹಿಡಿದ ದಾರಿಗೆ ಈ ಬಾಲ್ಯವೂ ಕಾರಣವಾಗಿರಬಹುದು.

ಹನ್ನೊಂದನೆಯ ವಯಸ್ಸಿನಲ್ಲೇ, 1892ರಲ್ಲಿ, ಸಾರ್ವಜನಿಕ ಕಛೇರಿ ನೀಡಿದ ಬಾಲಕ 1899ರಲ್ಲಿ ಬುಡಾಪೆಸ್ಟಿನ ಸಂಗೀತ ಅಕಾಡೆಮಿಗೆ ಸೇರಿದ. ಅಲ್ಲಿ ಪಿಯಾನೋ ಕಲಿಸಿದ ಇಸ್ತ್ವಾನ್ ತೋಮಾನ್, ಪ್ರಖ್ಯಾತ ಫ್ರಾನ್ಜ್ ಲಿಸ್ಟ್ ಅವರ ಶಿಷ್ಯರು. 1903ರಲ್ಲಿ ವ್ಯಾಸಂಗ ಮುಗಿಸಿ ಹೊರಬಂದ ಬಾರ್ಟೋಕ್, ಹಂಗೇರಿಯ ಸ್ವಾತಂತ್ರ್ಯ ಹೋರಾಟದ ನಾಯಕ ಕೊಶುತ್ ಕುರಿತು ವಾದ್ಯವೃಂದ ಕೃತಿ ರಚಿಸಿದರು. ದೇಶಪ್ರೇಮದ ಆವೇಶದಲ್ಲಿ ಹಂಗೇರಿಯ ಉಡುಪು ತೊಟ್ಟು ತಿರುಗುತ್ತಿದ್ದ ದಿನಗಳವು. ಆದರೆ ನಿಜವಾದ ಹಂಗೇರಿಯ ಸಂಗೀತ ಯಾವುದೆಂಬುದು ಅವರಿಗಿನ್ನೂ ತಿಳಿದಿರಲಿಲ್ಲ.

ಮಗುವಿಗೆ ಹಾಡಿದ ಹಾಡು

ಅದು ತಿಳಿಯತೊಡಗಿದ್ದು 1904ರ ಬೇಸಿಗೆಯಲ್ಲಿ. ಹಳ್ಳಿಗಾಡಿನ ತಂಗುಮನೆಯೊಂದರಲ್ಲಿ ಸಂಗೀತ ರಚನೆಯಲ್ಲಿ ತೊಡಗಿದ್ದ ಬಾರ್ಟೋಕ್ ಅವರಿಗೆ ಪಕ್ಕದಿಂದ ಹಾಡೊಂದು ಕೇಳಿಸಿತು. ಹಾಡುತ್ತಿದ್ದವಳು ಲಿಡಿ ಡೋಶಾ, ಟ್ರಾನ್ಸಿಲ್ವೇನಿಯಾದ ಹಳ್ಳಿಯಿಂದ ಮಗು ನೋಡಿಕೊಳ್ಳುವ ಕೆಲಸಕ್ಕೆ ಬಂದಿದ್ದ ಹದಿಹರೆಯದ ಹುಡುಗಿ. ಆ ಧಾಟಿ ಅವರು ಅಕಾಡೆಮಿಯಲ್ಲಾಗಲಿ ನಗರದಲ್ಲಾಗಲಿ ಕೇಳಿದ್ದಂತಿರಲಿಲ್ಲ. ಕೂಡಲೇ ಕಾಗದ ತಂದು ಬರೆದುಕೊಂಡರು. ಆಕೆಗೆ ಗೊತ್ತಿದ್ದ ಬೇರೆ ಹಾಡುಗಳನ್ನೂ ಹೇಳಿಸಿದರು.

ಅಲ್ಲಿಯವರೆಗೆ ಹಂಗೇರಿಯ ಜನಪದ ಸಂಗೀತವೆಂದು ಲೋಕ ನಂಬಿದ್ದು ಬೇರೆಯದನ್ನು. ನಗರದ ಉಪಾಹಾರ ಮಂದಿರಗಳಲ್ಲಿ ರೋಮಾ ಸಮುದಾಯದ ವಾದ್ಯಗಾರರು ನುಡಿಸುತ್ತಿದ್ದ, ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ಯಾವಂತರು ಕಟ್ಟಿದ್ದ ಜನಪ್ರಿಯ ಗೀತೆಗಳೇ ಹಳ್ಳಿಯ ಹಾಡುಗಳೆಂದು ಎಣಿಸಲಾಗಿತ್ತು. ಸ್ವತಃ ಲಿಸ್ಟ್ ಕೂಡ ಈ ತಪ್ಪು ಗ್ರಹಿಕೆಯಿಂದ ಹೊರತಾಗಿರಲಿಲ್ಲ. ಮಗುವಿಗೆ ಹಾಡುತ್ತಿದ್ದ ಹುಡುಗಿಯೊಬ್ಬಳು ಆ ನಂಬಿಕೆಯನ್ನು ಅಲುಗಾಡಿಸಿದಳು.

ಮರುವರ್ಷ ಬಾರ್ಟೋಕ್ ಅವರಿಗೆ ಝೋಲ್ಟಾನ್ ಕೊಡಾಯ್ ಪರಿಚಯವಾದರು. ಬಾರ್ಟೋಕ್ ಅವರಿಗಿಂತ ಒಂದು ವರ್ಷ ಕಿರಿಯರಾದ ಕೊಡಾಯ್, ಹಂಗೇರಿಯ ಜನಪದ ಗೀತೆಯ ರಚನೆಯ ಬಗ್ಗೆಯೇ ಸಂಶೋಧನಾ ಪ್ರಬಂಧ ಬರೆಯುತ್ತಿದ್ದರು. ಈ ಸ್ನೇಹ ಕೊನೆಯವರೆಗೂ ಉಳಿಯಿತು. 1906ರಲ್ಲಿ ಇಬ್ಬರೂ ಊರುಗಳನ್ನು ಹಂಚಿಕೊಂಡು ಹೊರಟರು. ಜತೆಯಲ್ಲಿ ಎಡಿಸನ್ ಫೋನೋಗ್ರಾಫ್ ಇತ್ತು.

ಕೇಳಿದಷ್ಟೂ ಸವೆಯುವ ಪಾಠ

ಥಾಮಸ್ ಎಡಿಸನ್ 1877ರಲ್ಲಿ ಆವಿಷ್ಕರಿಸಿದ ಫೋನೋಗ್ರಾಫ್ ಆ ಹೊತ್ತಿಗೆ ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆಯ ರೂಪ ಪಡೆದಿತ್ತು. ಅದಕ್ಕೆ ವಿದ್ಯುತ್ ಬೇಕಿರಲಿಲ್ಲ. ಗಡಿಯಾರಕ್ಕೆ ಕೊಡುವಂತೆ ಕೀಲಿ ಕೊಟ್ಟರೆ ಒಳಗಿನ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಮೇಣದ ಉರುಳೆಯನ್ನು ತಿರುಗಿಸುತ್ತಿತ್ತು. ಹಾಡುಗಾರ ಕಹಳೆಯಂತಹ ಕೊಳವೆಗೆ ಬಾಯಿ ಹತ್ತಿರ ತಂದು ಹಾಡಬೇಕು. ಆ ದನಿಗೆ ತೆಳುವಾದ ಪೊರೆಯೊಂದು ಕಂಪಿಸಿ, ಅದಕ್ಕೆ ಅಂಟಿದ ಮೊನೆ ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಅದೇ ಗೆರೆಯ ಮೇಲೆ ಇನ್ನೊಂದು ಮೊನೆ ಹರಿದಾಗ ಹಾಡು ಮರಳಿ ಕೇಳಿಸುತ್ತಿತ್ತು.

ಒಂದು ಉರುಳೆಯಲ್ಲಿ ಹಿಡಿಯುತ್ತಿದ್ದದ್ದು ಎರಡರಿಂದ ನಾಲ್ಕು ನಿಮಿಷಗಳಷ್ಟು ಮಾತ್ರ. ಆದ್ದರಿಂದ ಉದ್ದನೆಯ ಹಾಡುಗಳ ಒಂದೆರಡು ನುಡಿಗಳಿಗೇ ತೃಪ್ತಿಪಡಬೇಕಿತ್ತು. ಬಿದ್ದರೆ ಉರುಳೆ ಒಡೆಯುತ್ತದೆ, ಬಿಸಿಲಿಗೆ ಮೆತ್ತಗಾಗುತ್ತದೆ, ತೇವಕ್ಕೆ ಬೂಸ್ಟು ಹಿಡಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ, ಪ್ರತಿ ಬಾರಿ ಕೇಳಿದಾಗಲೂ ಮೊನೆ ಗೆರೆಯನ್ನು ಒಂದಿಷ್ಟು ಸವೆಸುತ್ತದೆ. ಪಾಠವನ್ನು ಮತ್ತೆ ಕೇಳಬೇಕೆಂದರೆ ಅದನ್ನು ಒಂದಿಷ್ಟು ಕಳೆದುಕೊಳ್ಳಲು ಸಿದ್ಧರಾಗಿರಬೇಕು. ಇಂದಿನ ವಿದ್ಯಾರ್ಥಿಗೆ ಇಲ್ಲದ ಇಕ್ಕಟ್ಟು ಇದು.

ಈ ಯಂತ್ರವನ್ನು ಹಂಗೇರಿಯ ಹಳ್ಳಿಗಳಿಗೆ ಮೊದಲು ಕೊಂಡೊಯ್ದವರು ಬಾರ್ಟೋಕ್ ಅಲ್ಲ. 1890ರ ದಶಕದಲ್ಲೇ ಬೇಲಾ ವಿಕಾರ್ ಎಂಬ ವಿದ್ವಾಂಸರು ಆ ಕೆಲಸ ಆರಂಭಿಸಿದ್ದರು. ಬಾರ್ಟೋಕ್ ಮತ್ತು ಕೊಡಾಯ್ ಅದಕ್ಕೆ ಸಂಗೀತಗಾರರ ಕಿವಿಯನ್ನು ಜೋಡಿಸಿದರು. ಬಾರ್ಟೋಕ್ ಯಂತ್ರವನ್ನಷ್ಟೇ ನೆಚ್ಚಿ ಕೂರಲಿಲ್ಲ. ಹಾಡನ್ನು ಮೊದಲು ಸ್ಥಳದಲ್ಲೇ ಕೇಳಿ ಪುಸ್ತಕದಲ್ಲಿ ಸ್ವರ ಹಾಕಿಕೊಳ್ಳುತ್ತಿದ್ದರು, ಆಮೇಲೆ ಉರುಳೆಗೆ ಹಾಡಿಸುತ್ತಿದ್ದರು. ಹಾಡಿದವರ ಹೆಸರು, ವಯಸ್ಸು, ಊರು, ದಿನಾಂಕ ದಾಖಲಾಗುತ್ತಿತ್ತು.

ಬುಡಾಪೆಸ್ಟಿಗೆ ಮರಳಿದ ಮೇಲೆ ಇನ್ನೊಂದು ಸುತ್ತಿನ ದುಡಿಮೆ. ಗಮಕಗಳು ತೀರ ಸೂಕ್ಷ್ಮವಾಗಿದ್ದಲ್ಲಿ ಉರುಳೆಯ ವೇಗವನ್ನು ಅರ್ಧಕ್ಕಿಳಿಸಿ ಆಲಿಸುತ್ತಿದ್ದರು. ನಿಧಾನಗತಿಯಲ್ಲಿ, ಒಂದು ಸ್ವರವೆಂದು ತೋರಿದ್ದರ ಸುತ್ತ ಹಲವು ಸಣ್ಣ ಸ್ವರಗಳು ಹೊರಬೀಳುತ್ತಿದ್ದವು.

ಅಜ್ಜಿಯರ ಸಂಕೋಚ

ಹಳ್ಳಿಯಲ್ಲಿ ಹಾಡು ಸಿಗುವುದು ಸುಲಭವಾಗಿರಲಿಲ್ಲ. ನಗರದ ಕೋಟು ತೊಟ್ಟ ಅಪರಿಚಿತನೊಬ್ಬ ವಿಚಿತ್ರ ಪೆಟ್ಟಿಗೆಯೊಂದಿಗೆ ಅಂಗಳಕ್ಕೆ ಬಂದು ಹಳೆಯ ಹಾಡು ಹೇಳಿ ಎಂದರೆ ಯಾರಿಗಾದರೂ ಸಂಕೋಚವೇ. ನಮ್ಮ ಬೀಸುವ ಪದ, ಸೋಬಾನೆ ಪದಗಳಂತೆ ಅಲ್ಲಿಯೂ ಹಾಡು ಕೆಲಸದ, ಮದುವೆಯ, ಸುಗ್ಗಿಯ ಭಾಗವೇ ಹೊರತು ಕೇಳಿದಾಗ ಎತ್ತಿ ಕೊಡುವ ವಸ್ತುವಲ್ಲ. ತಮಗೇನೂ ಬರುವುದಿಲ್ಲವೆಂದು ಅಜ್ಜಿಯರು ಜಾರಿಕೊಳ್ಳುತ್ತಿದ್ದರು. ಒತ್ತಾಯಿಸಿದರೆ ಚರ್ಚಿನ ಸ್ತುತಿಯನ್ನೋ ಪೇಟೆಯಿಂದ ಬಂದ ಹೊಸ ಗೀತೆಯನ್ನೋ ಹಾಡುತ್ತಿದ್ದರು. ದೊಡ್ಡ ಮನುಷ್ಯರಿಗೆ ಅದೇ ಹಿಡಿಸೀತು ಎಂಬ ಎಣಿಕೆ. ತಾಯಿಯ ಬಾಯಿಂದ ಕಲಿತದ್ದು ಬೇಕೆಂದು ಬಾರ್ಟೋಕ್ ಮತ್ತೆ ಮತ್ತೆ ಕೇಳಿಕೊಳ್ಳಬೇಕಿತ್ತು. ಮಿತಭಾಷಿಯೂ ನಾಚಿಕೆಯ ಸ್ವಭಾವದವರೂ ಆಗಿದ್ದ ಅವರಿಗೆ ಈ ಮಾತುಕತೆಯೇ ದೊಡ್ಡ ಪರೀಕ್ಷೆ. ಆದರೂ ಹಳ್ಳಿಯ ಜನರ ನಡುವೆ ಕಳೆದ ದಿನಗಳೇ ತಮ್ಮ ಬದುಕಿನ ಅತ್ಯಂತ ಸಂತಸದ ದಿನಗಳೆಂದು ಅವರು ಭಾವಿಸಿದ್ದರು.

1907ರ ಬೇಸಿಗೆಯಲ್ಲಿ ಟ್ರಾನ್ಸಿಲ್ವೇನಿಯಾದ ಚೀಕ್ ಪ್ರದೇಶದಲ್ಲಿ ಈ ತಾಳ್ಮೆಗೆ ಫಲ ದೊರೆಯಿತು. ಅಲ್ಲಿಯ ವೃದ್ಧರ ಹಾಡುಗಳಲ್ಲಿ ಏಳರ ಬದಲು ಐದೇ ಸ್ವರಗಳು ಮರುಕಳಿಸುತ್ತಿದ್ದುದನ್ನು ಬಾರ್ಟೋಕ್ ಗುರುತಿಸಿದರು. ನಮ್ಮ ಕಿವಿಗೆ ಪರಿಚಿತವಾದ ಸ್ವರಗಳೇ ಅವು: ಕರ್ನಾಟಕ ಸಂಗೀತದ ಶುದ್ಧ ಧನ್ಯಾಸಿ, ಹಿಂದೂಸ್ತಾನಿಯ ಧಾನಿ ರಾಗಗಳು ಬಳಸುವ ಷಡ್ಜ, ಕೋಮಲ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೋಮಲ ನಿಷಾದ. ಸ್ವರಸ್ಥಾನಗಳು ಒಂದೇ ಆದ ಮಾತ್ರಕ್ಕೆ ಅದು ರಾಗವಾಗುವುದಿಲ್ಲ, ನಿಜ. ಆದರೆ ಹಂಗೇರಿಯ ಹಾಡಿನ ಅತಿ ಪ್ರಾಚೀನ ಪದರವೊಂದು ಪಶ್ಚಿಮ ಯೂರೋಪಿಗಿಂತ ಪೂರ್ವದ ಕಡೆಗೆ ಮುಖ ಮಾಡಿದೆಯೆಂಬ ಸುಳಿವು ಅಲ್ಲಿ ದೊರಕಿತು.

ಅದೇ ವರ್ಷ ಬಾರ್ಟೋಕ್ ತಮ್ಮ ಗುರು ತೋಮಾನ್ ಅವರ ಸ್ಥಾನದಲ್ಲಿ ಅಕಾಡೆಮಿಯ ಪಿಯಾನೋ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಉರುಳೆಯ ಹಾಡುಗಳು ಕೂಡಲೇ ಮಕ್ಕಳ ಪಾಠಗಳಾಗಿ ಹೊರಬರತೊಡಗಿದವು. 1908-09ರಲ್ಲಿ ಹಂಗೇರಿಯ ಮತ್ತು ಸ್ಲೋವಾಕ್ ಧಾಟಿಗಳನ್ನು ಆಧರಿಸಿ ಅವರು ಪಿಯಾನೋ ಕಲಿಯುವ ಮಕ್ಕಳಿಗಾಗಿ 85 ಕಿರು ರಚನೆಗಳನ್ನು ಸಿದ್ಧಪಡಿಸಿದರು. ಅಂಗಳದ ಅಜ್ಜಿ ಕೊಟ್ಟ ಪಾಠ ಹೀಗೆ ನಗರದ ಮಗುವಿನ ಬೆರಳಿಗೆ ತಲುಪಿತು. ಆ ಪುಸ್ತಕ ಇಂದಿಗೂ ಜಗತ್ತಿನ ಪಿಯಾನೋ ತರಗತಿಗಳಲ್ಲಿ ಬಳಕೆಯಲ್ಲಿದೆ.

ಗಡಿ ದಾಟಿದ ಕಿವಿ

ತನ್ನ ಜನರ ಸಂಗೀತವನ್ನು ಹುಡುಕಿ ಹೊರಟವರಿಗೆ ನೆರೆಯವರ ಹಾಡೂ ಕೇಳಿಸದೆ ಇರಲಿಲ್ಲ. 1906ರಲ್ಲೇ ಸ್ಲೋವಾಕ್ ಹಾಡುಗಳನ್ನೂ 1909ರಿಂದ ರುಮೇನಿಯನ್ ಹಾಡುಗಳನ್ನೂ ಅವರು ಸಂಗ್ರಹಿಸತೊಡಗಿದರು. ಅದಕ್ಕಾಗಿ ಆ ಭಾಷೆಗಳನ್ನು ಕಲಿತರು. ಬೆಲೆನ್ಯೆಶ್ ಊರಿನ ರುಮೇನಿಯನ್ ಶಿಕ್ಷಕ ಯೋನ್ ಬುಷಿತ್ಸಾ ಅವರಿಗೆ ದಾರಿ ತೋರಿದರು, ಆಪ್ತ ಮಿತ್ರರೂ ಆದರು. ಹಳ್ಳಿಯ ಪಿಟೀಲುಗಾರರಿಂದ ಹಿಡಿದ ಧಾಟಿಗಳ ಮೇಲೆ 1915ರಲ್ಲಿ ರಚಿಸಿದ ‘ರುಮೇನಿಯನ್ ಜನಪದ ನೃತ್ಯಗಳು’ ಕೃತಿಯನ್ನು ಬಾರ್ಟೋಕ್ ಅರ್ಪಿಸಿದ್ದು ಈ ಶಿಕ್ಷಕರಿಗೇ.

1911ರಲ್ಲಿ ರಚಿಸಿದ ‘ಬ್ಲೂಬಿಯರ್ಡ್‌ನ ಕೋಟೆ’ ಸಂಗೀತನಾಟಕವನ್ನು ಸ್ಪರ್ಧೆಯ ತೀರ್ಪುಗಾರರು ತಿರಸ್ಕರಿಸಿದರು. ಬೇಸರಗೊಂಡ ಬಾರ್ಟೋಕ್ ಕೆಲ ವರ್ಷ ಸಭೆಗಳಿಂದ ದೂರ ಸರಿದು ಹಳ್ಳಿಗಳಲ್ಲೇ ಮುಳುಗಿದರು. 1913ರಲ್ಲಿ ಪತ್ನಿ ಮಾರ್ತಾ ಅವರೊಂದಿಗೆ ಅಲ್ಜೀರಿಯಾದ ಬಿಸ್ಕ್ರಾ ಸುತ್ತಮುತ್ತ ಅರಬರ ಹಾಡು, ವಾದ್ಯಗಳನ್ನು ಮುದ್ರಿಸಿಕೊಂಡರು. ಬಿರುಬಿಸಿಲಿಗೆ ಆರೋಗ್ಯ ಕೆಟ್ಟು ಪ್ರವಾಸವನ್ನು ಮೊಟಕುಗೊಳಿಸಬೇಕಾಯಿತು.

ಮೊದಲನೆಯ ಮಹಾಯುದ್ಧ ಮುಗಿದ 1918ರ ಹೊತ್ತಿಗೆ ಹಳ್ಳಿಗಳ ದೊಡ್ಡ ಸಂಗ್ರಹಕಾರ್ಯವೂ ಮುಗಿದಿತ್ತು. ಅಷ್ಟರಲ್ಲಿ ಅವರ ಕೈಯಲ್ಲಿ ಸುಮಾರು 2,700 ಹಂಗೇರಿಯನ್, 3,000 ಸ್ಲೋವಾಕ್ ಮತ್ತು 3,400 ರುಮೇನಿಯನ್ ಧಾಟಿಗಳಿದ್ದವು. ಈ ಅಂಕಿಗಳೇ ಅವರನ್ನು ಸಂಕಟಕ್ಕೆ ದೂಡಿದವು. 1920ರ ಟ್ರಿಯಾನನ್ ಒಪ್ಪಂದದಿಂದ ಹಂಗೇರಿ ತನ್ನ ಭೂಭಾಗದ ಸುಮಾರು ಮೂರನೇ ಎರಡರಷ್ಟನ್ನು ಕಳೆದುಕೊಂಡಿತು. ಟ್ರಾನ್ಸಿಲ್ವೇನಿಯಾ ರುಮೇನಿಯಾದ ಪಾಲಾಯಿತು. ನೋವಿನಲ್ಲಿದ್ದ ದೇಶದಲ್ಲಿ ರುಮೇನಿಯನ್ನರ ಸಂಗೀತದ ಬಗ್ಗೆ ಬಾರ್ಟೋಕ್ ಬರೆದ ಲೇಖನ ಹಲವರಿಗೆ ದ್ರೋಹವಾಗಿ ಕಂಡಿತು. ಪತ್ರಿಕೆಗಳಲ್ಲಿ ಅವರ ದೇಶಪ್ರೇಮವನ್ನೇ ಪ್ರಶ್ನಿಸಲಾಯಿತು.

ಬಾರ್ಟೋಕ್ ತಮ್ಮ ನಿಲುವನ್ನು ಬದಲಿಸಲಿಲ್ಲ. ಸಾವಿರಾರು ಧಾಟಿಗಳನ್ನು ಅಕ್ಕಪಕ್ಕ ಇರಿಸಿ ನೋಡಿದ್ದ ಅವರಿಗೆ ಹಾಡುಗಳು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗಿ, ರೂಪ ಬದಲಿಸಿ, ಮರಳಿ ಬಂದಿರುವುದು ಸ್ಪಷ್ಟವಿತ್ತು. ಕೊಡುಕೊಳ್ಳುವಿಕೆಯಿಂದಲೇ ಪೂರ್ವ ಯೂರೋಪಿನ ಜನಪದ ಸಂಗೀತ ಶ್ರೀಮಂತವಾಗಿದೆ ಎಂಬ ಈ ತೀರ್ಮಾನವನ್ನು ಅವರು 1942ರಲ್ಲಿ, ಜನಾಂಗ ಶುದ್ಧಿಯ ಹೆಸರಿನಲ್ಲಿ ಯೂರೋಪ್ ಹೊತ್ತಿ ಉರಿಯುತ್ತಿದ್ದಾಗ, ಮತ್ತೊಮ್ಮೆ ಲೇಖನವಾಗಿ ಪ್ರಕಟಿಸಿದರು.

ಮತ್ತೆ ಮೊದಲಿನಿಂದ

ಬಾರ್ಟೋಕ್ ಅವರ ಬದುಕಿನಲ್ಲಿ ಹೆಚ್ಚು ಪ್ರಚಾರ ಪಡೆಯದ, ಆದರೆ ಅವರ ಸ್ವಭಾವವನ್ನು ಚೆನ್ನಾಗಿ ತೋರುವ ಘಟ್ಟ 1934ರಿಂದ ಆರಂಭವಾಗುತ್ತದೆ. ಆ ವೇಳೆಗೆ ಅವರು ವಿಶ್ವಪ್ರಸಿದ್ಧರು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟಗಳಲ್ಲಿ ಕಛೇರಿ ನೀಡಿ ಬಂದವರು. ಇಪ್ಪತ್ತೇಳು ವರ್ಷ ಮಾಡಿದ ಪಿಯಾನೋ ಬೋಧನೆಯಿಂದ ಬಿಡುಗಡೆ ಪಡೆದು ಅವರು ಹಂಗೇರಿಯ ವಿಜ್ಞಾನ ಅಕಾಡೆಮಿಯ ಕೊಠಡಿಯೊಂದರಲ್ಲಿ ಹಳೆಯ ಉರುಳೆಗಳ ಮುಂದೆ ಕುಳಿತರು. ಜನಪದ ಗೀತೆಗಳ ಬೃಹತ್ ಸಂಪುಟ ಸಿದ್ಧಪಡಿಸುವುದು ಅವರಿಗೆ ವಹಿಸಿದ ಕೆಲಸ.

ಯೌವನದಲ್ಲಿ ತಾವೇ ಹಾಕಿದ್ದ ಸ್ವರಲಿಪಿಯನ್ನು ಎದುರಿಗಿಟ್ಟು ಉರುಳೆಯನ್ನು ಮತ್ತೆ ಆಲಿಸಿದಾಗ ಅದು ಅವರಿಗೇ ಸಾಲದೆನಿಸಿತು. ಅಂದು ಹಾಡಿನ ಎಲುಬುಗೂಡನ್ನಷ್ಟೇ ಬರೆದುಕೊಂಡಿದ್ದರು. ಉಸಿರಿನ ನಿಲುಗಡೆ, ಸ್ವರದಿಂದ ಸ್ವರಕ್ಕೆ ಜಾರುವ ಎಳೆ, ಲಯದ ಚೂರು ಹೆಚ್ಚುಕಡಿಮೆ ಇವೆಲ್ಲವನ್ನೂ ಹಾಡುಗಾರರ ತಪ್ಪೆಂದೋ ಅಲಂಕಾರವೆಂದೋ ಕಿವಿ ಬಿಟ್ಟುಬಿಟ್ಟಿತ್ತು. ಯಂತ್ರ ಮಾತ್ರ ಏನನ್ನೂ ಬಿಟ್ಟಿರಲಿಲ್ಲ. ಸಂಗೀತಲೋಕದಲ್ಲಿ ಅಷ್ಟೆತ್ತರಕ್ಕೇರಿದ ವ್ಯಕ್ತಿ ಐವತ್ತು ದಾಟಿದ ವಯಸ್ಸಿನಲ್ಲಿ ತಮ್ಮ ಹಳೆಯ ಪಾಠದ ಪುಸ್ತಕವನ್ನು ಸಾಲು ಸಾಲಾಗಿ ತಿದ್ದಿಕೊಂಡರು. ಸುಮಾರು ಆರು ವರ್ಷ ಈ ಕೆಲಸ ನಡೆಯಿತು.

ನಡುವೆ 1936ರ ನವೆಂಬರ್‌ನಲ್ಲಿ ಟರ್ಕಿಯಿಂದ ಆಹ್ವಾನ ಬಂದಾಗ ಯಂತ್ರವನ್ನು ಮತ್ತೊಮ್ಮೆ ಹೊತ್ತರು. ಅದಕ್ಕಾಗಿ ತುರ್ಕಿ ಭಾಷೆಯನ್ನೂ ಅಭ್ಯಾಸ ಮಾಡಿದ್ದರು. ಯುವ ಸಂಗೀತಗಾರ ಅದ್ನಾನ್ ಸೈಗುನ್ ಜತೆ ಅದಾನಾ ಪ್ರಾಂತ್ಯದ ಹಳ್ಳಿಗಳಲ್ಲಿ, ಅಲೆಮಾರಿ ಯೂರುಕ್ ಬುಡಕಟ್ಟಿನವರ ನಡುವೆ ಸಂಚರಿಸಿದರು. ಒಸ್ಮಾನಿಯೆ ಬಳಿ ವೃದ್ಧನೊಬ್ಬ ಹಾಡಿದ ಧಾಟಿ ಹಂಗೇರಿಯ ಹಳೆಯ ಹಾಡಿಗೆ ತೀರ ಹತ್ತಿರವಿತ್ತು. ಚೀಕ್‌ನ ಅಜ್ಜಿಯರು ಮೂರು ದಶಕಗಳ ಹಿಂದೆ ನೀಡಿದ್ದ ಸುಳಿವು ಅಲ್ಲಿ ಇನ್ನಷ್ಟು ಗಟ್ಟಿಯಾಯಿತು.

ಪರದೇಶದಲ್ಲಿ ಕೊನೆಯ ಪಾಠ

ಜರ್ಮನಿಯಲ್ಲಿ ಹಿಟ್ಲರ್ ಆಳ್ವಿಕೆ ಬಂದ ಮೇಲೆ ಬಾರ್ಟೋಕ್ ಅಲ್ಲಿ ಕಛೇರಿ ಕೊಡುವುದನ್ನು ನಿಲ್ಲಿಸಿದ್ದರು. 1938ರಲ್ಲಿ ಆಸ್ಟ್ರಿಯಾ ನಾಜಿಗಳ ವಶವಾದಾಗ ತಮ್ಮ ಹಸ್ತಪ್ರತಿಗಳನ್ನು ಸುರಕ್ಷತೆಗಾಗಿ ಸ್ವಿಟ್ಜರ್ಲೆಂಡಿಗೆ ಕಳುಹಿಸಿದರು. ತಾಯಿಯನ್ನು ಬಿಟ್ಟು ಹೋಗಲಾರದೆ ದೇಶದಲ್ಲೇ ಉಳಿದಿದ್ದರು. 1939ರ ಡಿಸೆಂಬರ್‌ನಲ್ಲಿ ತಾಯಿ ನಿಧನರಾದರು. 1940ರ ಅಕ್ಟೋಬರ್‌ನಲ್ಲಿ ಎರಡನೆಯ ಪತ್ನಿ ಡಿತ್ತಾ ಅವರೊಂದಿಗೆ ಬಾರ್ಟೋಕ್ ನ್ಯೂಯಾರ್ಕ್ ತಲುಪಿದರು.

ಕೈಯಲ್ಲಿ ಹಣ ಕಡಿಮೆ, ದೇಹದಲ್ಲಿ ಬಲ ಕಡಿಮೆ. ಆದರೂ ಅಲ್ಲಿ ಒಂದು ಭಾಗ್ಯ ಕಾದಿತ್ತು. ಹಾರ್ವರ್ಡ್‌ನ ವಿದ್ವಾಂಸ ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೋಸ್ಲಾವಿಯಾದ ಹಳ್ಳಿಗಾಯಕರನ್ನು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಧ್ವನಿಮುದ್ರಿಸಿದ್ದರು. ಪ್ಯಾರಿ 1935ರಲ್ಲೇ ಅಕಾಲ ಮರಣಕ್ಕೆ ತುತ್ತಾಗಿದ್ದರಿಂದ ಸಾವಿರಾರು ತಟ್ಟೆಗಳು ಕೇಳುವ ಕಿವಿಗಾಗಿ ಕಾಯುತ್ತಿದ್ದವು. 1941ರಿಂದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕುಳಿತು ಬಾರ್ಟೋಕ್ ಅವುಗಳಲ್ಲಿನ ಮಹಿಳೆಯರ ಹಾಡುಗಳಿಗೆ ಸ್ವರ ಹಾಕಿದರು. ತಾವು ಕಂಡಿರದ ಹಾಡುಗಾರ್ತಿಯರಿಂದ, ಬೇರೆಯವರು ಹಿಡಿದ ದನಿಯಿಂದ ಕಲಿತ ಪಾಠವದು. ಆಲ್ಬರ್ಟ್ ಲಾರ್ಡ್ ಅವರೊಂದಿಗೆ ಸಿದ್ಧಪಡಿಸಿದ ಆ ಗ್ರಂಥ 1951ರಲ್ಲಿ ಬೆಳಕು ಕಂಡಿತು. ಅದನ್ನು ನೋಡಲು ಬಾರ್ಟೋಕ್ ಇರಲಿಲ್ಲ.

ರುಮೇನಿಯನ್ ಮತ್ತು ತುರ್ಕಿ ಸಂಗ್ರಹಗಳ ಅಂತಿಮ ಪ್ರತಿಯನ್ನೂ ಅವರು ಅಮೆರಿಕದಲ್ಲೇ ಸಿದ್ಧಪಡಿಸಿದರು. ಪ್ರಕಾಶಕರು ಸಿಗದೆ ಹಸ್ತಪ್ರತಿಗಳನ್ನು ಕೊಲಂಬಿಯಾದ ಗ್ರಂಥಾಲಯಕ್ಕೆ ಒಪ್ಪಿಸಿದರು. 1943ರಲ್ಲಿ ಹಾರ್ವರ್ಡ್ ಉಪನ್ಯಾಸಗಳ ನಡುವೆ ಕುಸಿದು ಆಸ್ಪತ್ರೆ ಸೇರಿದಾಗ ಬಾಸ್ಟನ್ ವಾದ್ಯವೃಂದದ ನಿರ್ದೇಶಕ ಸರ್ಜ್ ಕುಸೆವಿಟ್‌ಸ್ಕಿ ಹೊಸ ಕೃತಿಯ ಕೋರಿಕೆಯೊಂದಿಗೆ ಬಂದರು. ಹೀಗೆ ಹುಟ್ಟಿದ ‘ಕನ್ಸರ್ಟೊ ಫಾರ್ ಆರ್ಕೆಸ್ಟ್ರಾ’ 1944ರ ಡಿಸೆಂಬರ್ 1ರಂದು ಬಾಸ್ಟನ್‌ನಲ್ಲಿ ಮೊದಲ ಪ್ರದರ್ಶನ ಕಂಡು ಭಾರಿ ಯಶಸ್ಸು ಪಡೆಯಿತು.

1945ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್‌ನ ಆಸ್ಪತ್ರೆಯಲ್ಲಿ, 64ನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರ್‌ನಿಂದ ಬಾರ್ಟೋಕ್ ಕೊನೆಯುಸಿರೆಳೆದರು. ಡಿತ್ತಾ ಅವರಿಗಾಗಿ ಬರೆಯುತ್ತಿದ್ದ ಮೂರನೆಯ ಪಿಯಾನೋ ಕನ್ಸರ್ಟೊದ ಕೊನೆಯ 17 ಆವರ್ತಗಳ ವಾದ್ಯವಿನ್ಯಾಸವಷ್ಟೇ ಬಾಕಿ ಉಳಿದಿತ್ತು. ಮಿತ್ರ ತಿಬೋರ್ ಶೆರ್ಲಿ ಅದನ್ನು ಪೂರ್ಣಗೊಳಿಸಿದರು. ನ್ಯೂಯಾರ್ಕ್ ಬಳಿ ಮಣ್ಣು ಮಾಡಿದ್ದ ಅವರ ಪಾರ್ಥಿವ ಶರೀರವನ್ನು 1988ರಲ್ಲಿ ಸ್ವದೇಶಕ್ಕೆ ತಂದು ಬುಡಾಪೆಸ್ಟ್‌ನಲ್ಲಿ ರಾಷ್ಟ್ರಗೌರವದೊಂದಿಗೆ ಮರುಸಮಾಧಿ ಮಾಡಲಾಯಿತು.

ರುಮೇನಿಯನ್ ಹಾಡುಗಳ ಐದು ಸಂಪುಟಗಳು 1967ರಿಂದ, ತುರ್ಕಿ ಸಂಗ್ರಹ 1976ರಲ್ಲಿ ಪ್ರಕಟವಾದವು. ಹಂಗೇರಿಯ ಮೇಣದ ಉರುಳೆಗಳು ಬುಡಾಪೆಸ್ಟಿನ ಜನಾಂಗ ವಸ್ತುಸಂಗ್ರಹಾಲಯದಲ್ಲಿವೆ. ಕರಕರ ಸದ್ದಿನ ನಡುವೆ ಅಂದಿನ ಅಜ್ಜಿಯರ ದನಿಯನ್ನು ಇಂದಿಗೂ ಕೇಳಬಹುದು.

ಇಂದು ಒಂದು ಫೋನಿನಲ್ಲಿ ನೂರಾರು ಗಂಟೆಗಳ ಪಾಠ ತುಂಬಿಕೊಂಡಿರುತ್ತದೆ. ಎಷ್ಟು ಬಾರಿ ಕೇಳಿದರೂ ಅದು ಸವೆಯುವುದಿಲ್ಲ. ಅದಕ್ಕೇ ಏನೋ, ನಾಳೆ ಕೇಳೋಣವೆಂದು ಮುಂದೂಡುವುದೂ ಸುಲಭ. ಬಾರ್ಟೋಕ್ ಅವರ ಬಳಿ ಇದ್ದದ್ದು ಒಂದೊಂದು ಬಾರಿಗೂ ಸವೆಯುವ ಎರಡು ನಿಮಿಷಗಳ ಹಾಡು. ಮೂವತ್ತು ವರ್ಷಗಳ ನಂತರವೂ ಅವರು ಅದರ ಮುಂದೆ ಶಿಷ್ಯರಾಗಿಯೇ ಕುಳಿತು, ತಮ್ಮ ಕಿವಿ ಬಿಟ್ಟದ್ದನ್ನು ಹುಡುಕಿಕೊಂಡರು. ಹಾಡನ್ನು ಹಿಡಿದಿಡುವಷ್ಟು ಕೆಲಸವನ್ನು ಯಂತ್ರ ಮಾಡಿತು. ಕಲಿಯುವ ಕೆಲಸ ಮಾತ್ರ ಅವರ ಪಾಲಿಗೇ ಉಳಿದಿತ್ತು.